ನಾಲ್ಕನೇ ಹುಣಸೆ ಬೀಜ

ಕೆಂಚಿ ಅನ್ನೋ ಕೋಳಿಗೆ ಒಬ್ಬಳೇ ಮಗಳು, ಸುಬ್ಬಿ. ಮನೇಲಿ ಕಾಳು ಬೇಕು ಅಂತ ಕೇಳೋಕೂ ಬಾಯಿಲ್ಲ ಆ ಹುಡುಗಿಗೆ. ಆದ್ರೆ ಹಿತ್ತಲ ಒರಳುಕಲ್ಲಿನ ಹಿಂದೆ ಅಳಿಲು, ಓತಿಕ್ಯಾತನ ಜೊತೆ ಸೇರ್ಕೊಂಡು ದಿನಾ ಅದೇನೋ ಆಟ.

"ನಿನ್ ಮಗಳು ಕೋಟೆ ಕಾಯೋ ದೊರೆಯಂತೆ, ಅಳಿಲು ನರಿಯಂತೆ!" ಅಂತ ಪಕ್ಕದ್ಮನೆ ಬಾತುಕೋಳಿ ಚುಚ್ಚಿತು. "ಕಥೆ ಕಟ್ಕೊಂಡು, ಒಂದು ಮಗ್ಗುಲು ಬೆಳ್ಳಗೆ ಉಜ್ಜಿದ ನಾಲ್ಕು ಹುಣಸೆ ಬೀಜ ಎಸೀತಾರೆ. ನಾಲ್ಕೂ ಬಿಳಿ ಬಿದ್ರೆ ಗೆದ್ದಂಗಂತೆ. ಮೊಟ್ಟೆ ಇಡೋ ವಯಸ್ನಲ್ಲಿ ಇದೇನೇ ಕೆಂಚಿ?"

ಕೆಂಚಿಗೆ ಮಾನ ಹೋದಂಗಾಯ್ತು. ಬೀಜ ನುಂಗಿಬಿಟ್ರೆ ಆಟಾನೇ ಇರಲ್ಲ ಅಂತ ಓಡಿದ್ಲು. ಸುಬ್ಬಿ ಆಗ್ಲೇ ಎಸೆದಿದ್ಲು. ಮೂರು ಬಿಳಿ ಬಿದ್ದಿದ್ವು. ಇನ್ನೂ ಉರುಳ್ತಿದ್ದ ನಾಲ್ಕನೇದನ್ನ ಕೆಂಚಿ ಕೊಕ್ಕಲ್ಲಿ ಕಚ್ಕೊಂಡ್ಲು.

"ಅವ್ವಾ, ನುಂಗ್ಬೇಡ! ನರಿ ಬಾಗಿಲಿಗೆ ಬಂದೈತೆ, ಒಳಗೆ ನೂರು ಮರಿ ಅವೆ. ಅವುಗಳ ಜೀವ ಆ ಬೀಜದ ಮೇಲೈತೆ!"

ಮಗಳು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನ ಹೆತ್ತವಳು ಯಾವತ್ತೂ ಕೇಳಿರ್ಲಿಲ್ಲ. ಬೆರಗಾಗಿ ಬಾಯಿ ತೆರೆದ್ಲು. ಬೀಜ ಬಿತ್ತು, ಕರಿ ಮಗ್ಗುಲು ಮೇಲಾಗಿ.

"ಅಯ್ಯೋ, ಈಗ ಮರಿಗಳ ಗತಿ?" ಅಂದ್ಲು ಕೆಂಚಿ.

"ನೀನೇ ಹೇಳವ್ವ. ನೀನಾಗಿದ್ರೆ ಏನ್ ಮಾಡ್ತಿದ್ದೆ?"

ಕೆಂಚಿ ರೆಕ್ಕೆ ಬಿಚ್ಚಿ ನಿಂತ್ಲು. "ಅಡ್ಡ ನಿಲ್ತಿದ್ದೆ. ನನ್ನ ದಾಟಿ ಹೋಗ್ಲಿ ನೋಡೋಣ!"

"ಹಂಗಾದ್ರೆ ಎಸಿ," ಅಂತ ಸುಬ್ಬಿ ನಾಲ್ಕೂ ಬೀಜ ಅವ್ವನ ಮುಂದಿಟ್ಲು.

ಬೇಲಿಯಾಚೆಯಿಂದ ಬಾತುಕೋಳಿ ಕೂಗ್ತು. "ಏನೇ, ಬುದ್ಧಿ ಹೇಳ್ದ್ಯಾ ಮಗಳಿಗೆ?"

"ಸುಮ್ನಿರೇ ತಾಯಿ," ಅಂದ್ಲು ಕೆಂಚಿ, ಬೀಜ ಎತ್ಕೊಳ್ತಾ. "ಇಲ್ಲಿ ನರಿ ಒಳಗೆ ನುಗ್ಗೈತೆ!"