ಊಟಕ್ಕೆ ಮುಂಚಿನ ಹಳೇ ಪಾಠ

ಹೊಲದ ಬದುವಿನಲ್ಲಿ ಇಲಿಯಮ್ಮ ತನ್ನ ಮಕ್ಕಳಿಗೆ ತಾನೇ ಪಾಠ ಹೇಳುತ್ತಿದ್ದಳು. ದೊಡ್ಡವನು ತನ್ನ ಪಾಡಿಗೆ ಬಿಲ ತೋಡಬೇಕು, ನಡುವಿನವಳು ಕಾಳು ಆರಿಸಬೇಕು. ಅಷ್ಟರಲ್ಲಿ ಕಿರಿಯವನಿಗೆ ಹೊಸ ಪಾಠವಾಗುತ್ತಿತ್ತು. ಊಟಕ್ಕೆ ಮುಂಚೆ ಮಾತ್ರ ಎಲ್ಲರೂ ಹಳೇ ಬಿಲಗಳ ದಾರಿ ಒಪ್ಪಿಸಲೇಬೇಕು.

ನೆರೆಯ ಪೊದೆಯ ಹಕ್ಕಿ ಕೌಜುಗಮ್ಮ ನಕ್ಕಳು. "ಕಲಿತದ್ದನ್ನೇ ಎಷ್ಟು ಸಲ ಕೇಳುತ್ತೀಯೇ? ನನ್ನ ಮರಿಗಳನ್ನು ನೋಡು, ನಾನು ಕೂಗದೆ ಅವು ಒಂದು ಹೆಜ್ಜೆಯೂ ಇಡುವುದಿಲ್ಲ."

"ಮರೆಯುವುದು ಮಕ್ಕಳ ಕೆಲಸ, ಕೇಳುವುದು ನನ್ನದು" ಎಂದಳು ಇಲಿಯಮ್ಮ.

ಒಮ್ಮೆ ತಾಯಂದಿರಿಬ್ಬರೂ ದೂರದ ಕಣದಲ್ಲಿದ್ದಾಗ ಬದುವಿನ ಮೇಲೆ ಗಿಡುಗ ಎರಗಿತು. ಓಡಿ ಬಂದರೆ ಒಂದು ಮರಿಯೂ ಇಲ್ಲ. ಕೌಜುಗಮ್ಮ ಗೋಳಾಡತೊಡಗಿದಳು. ಇಲಿಯಮ್ಮ ನೆಟ್ಟಗೆ ಕಳ್ಳಿಬುಡದ ಹಳೇ ಬಿಲಕ್ಕೆ ಹೋದಳು. ಒಳಗಿನಿಂದ ಅವಳ ಮಕ್ಕಳು ಬಂದರು, ಅವರ ಹಿಂದೆಯೇ ಕೌಜುಗದ ಮರಿಗಳು.

"ಇವು ಕೂಗಿಗೆ ಕಾಯುತ್ತಾ ನಿಂತೇ ಇದ್ದವಮ್ಮಾ, ಎಳೆದುಕೊಂಡು ಬಂದೆ" ಎಂದ ಕಿರಿಯವನು.

"ನೀನಿರಲಿಲ್ಲವಲ್ಲೇ, ದಾರಿ ಹೇಳಿದವರು ಯಾರು?" ಎಂದಳು ಕೌಜುಗಮ್ಮ.

"ಆ ಹೊತ್ತಿಗೆ ಯಾರೂ ಹೇಳಬೇಕಾಗಬಾರದು ಅಂತಲೇ ದಿನಾ ಕೇಳುತ್ತಿದ್ದೆ" ಎಂದ ಇಲಿಯಮ್ಮ ಮಕ್ಕಳತ್ತ ತಿರುಗಿದಳು. "ಊಟದ ಹೊತ್ತಾಯಿತು. ಕಳ್ಳಿಬುಡದ ದಾರಿ ಒಪ್ಪಿಸಿ."

ಕೌಜುಗಮ್ಮ ತನ್ನ ಮರಿಗಳನ್ನೂ ಆ ಸಾಲಿಗೆ ತಳ್ಳಿ, ತಾನು ಕೂಗದೆ ದೂರ ನಿಂತಳು.