ಬೆಟ್ಟಯ್ಯನ ಅಳತೆಯ ಕೋವಿ

ಹೂಂ ಅನ್ನಬೇಕು, ಮೊದಲೇ ಹೇಳಿದೀನಿ. ಹೂಂ ಅನ್ನೋರಿಲ್ಲದ ಕಡೆ ನಾನು ಬಾಯಿ ಬಿಡೋಳಲ್ಲ. ಆಕಳಿಸೋರು ಈಗಲೇ ಎದ್ದು ಹೋಗಿ. ಆಮೇಲೆ ನಡುವೆ ಎದ್ದು ಹೋಗೋಕೆ ನಿಮಗೇ ಧೈರ್ಯ ಬರೋದಿಲ್ಲ.

ಕಾಡಿನ ಅಂಚಿಗೆ ಎಲಚಿಹುಂಡಿ ಅಂತ ಒಂದೂರು. ಆ ಊರಲ್ಲಿ ನಿಂಗಾಜಮ್ಮ ಅಂತ ಒಬ್ಬ ಅವ್ವ, ಜವರ ಅಂತ ಅವಳ ಒಬ್ಬನೇ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ‘ಕಾಳು ತಿನ್ನೋ ಕೋಳಿ ಓಡಿಸ್ಲಾ’ ಅಂದರೆ ಪಕ್ಕದೂರು ಮುಟ್ಟಿಸಿ ಬರೋನು. ‘ದನಕ್ಕೆ ನೀರು ತೋರಿಸು’ ಅಂದರೆ ಕೆರೆ ಏರಿ ಮೇಲೆ ನಿಲ್ಲಿಸಿ, ‘ನೋಡು, ಅದೇ ನೀರು’ ಅಂತ ತೋರಿಸಿ ವಾಪಸ್ಸು ಹೊಡ್ಕೊಂಡು ಬರೋನು. ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಜವರನ ಅಪ್ಪ ಬೆಟ್ಟಯ್ಯ. ಎಡಗೈ ಮನುಷ್ಯ. ಬಲಗಾಲಿನ ಹೆಬ್ಬೆರಳು ಕೊಡಲಿ ಏಟಿಗೆ ಹೋಗಿತ್ತು. ಎಲ್ಲಿಂದ ಬಂದರೂ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ, ಆಮೇಲೆ ಒಳಗೆ ಬರೋನು. ಜವರ ಇನ್ನೂ ಅಂಬೆಗಾಲಿಡುವಾಗ, ಹಂದಿ ಕಾಯ್ತೀನಿ ಅಂತ ಕೋವಿ ಹಿಡಿದು ಹೊಲಕ್ಕೆ ಹೋದ. ಆಮೇಲೆ ಕೋವಿ ಸಿಕ್ಕಿತು, ಬೆಟ್ಟಯ್ಯ ಸಿಗಲಿಲ್ಲ. ಯಾರೋ ಜೋಪಾನವಾಗಿ ಇಟ್ಟ ಹಾಗೆ ಕೋವಿ ಬೇಲಿಗೆ ಒರಗಿ ನಿಂತಿತ್ತು. ಗುಂಡು ಹಾರಿರಲಿಲ್ಲ. ರಕ್ತ ಚೆಲ್ಲಿರಲಿಲ್ಲ. ಹೆಬ್ಬೆರಳಿಲ್ಲದ ಹೆಜ್ಜೆಗಳು ಕಾಡಿನ ಕಡೆಗೆ ಹೋಗಿದ್ದವು. ಅಷ್ಟೇ.

ಹೂಂ ಅನ್ನಿ.

ನಿಂಗಾಜಮ್ಮನ ತಮ್ಮ ಹೊಂಬಾಳಯ್ಯ ಬಂದು ಮದ್ದು, ಗುಂಡು ಎಲ್ಲ ತೆಗೆದು ಕೋವಿಯನ್ನು ಬರಿದು ಮಾಡಿಕೊಟ್ಟ. ಪೇಟೆ ಕಂಡವನು, ಅದನ್ನು ರೈಫಲ್ಲು ಅಂತಿದ್ದವನು ಅವನೊಬ್ಬನೇ. ನಿಂಗಾಜಮ್ಮ ಅದನ್ನು ಮೂಲೆಗೆ ನಿಲ್ಲಿಸಿದಳು. ಮಗ ‘ಅಪ್ಪ ಎಲ್ಲಿ’ ಅಂದಾಗಲೆಲ್ಲ ಅದನ್ನೇ ತೋರಿಸೋಳು. ‘ಕೋವಿ ಬಿಟ್ಟೋಗವ್ನಲ್ಲ, ಅದ ತಕ್ಕೊಂಡೋಗಕ್ಕಾದ್ರೂ ಬಂದೇ ಬತ್ತನೆ ಸುಮ್ಕಿರು.’ ಅಳೋ ಮಗುವಿನ ಸಮಾಧಾನಕ್ಕೆ ಆಡಿದ ಮಾತು ಅದು. ಆದರೆ ಆಡಿದ್ದು ಯಾರ ಹತ್ತಿರ? ಜವರನ ಹತ್ತಿರ!

ಮೀಸೆ ಬಂದ ಮೇಲೆ ಜವರ ಒಂದು ದಿನ ಕೋವಿ ನೋಡಿದ. ತುಕ್ಕು! ಗೆದ್ದಲು! ಅಪ್ಪ ಬಂದು ಇದನ್ನ ನೋಡಿದರೆ ಏನಂದುಕೊಂಡಾನು? ಆವತ್ತಿಂದ ಅವನಿಗೆ ಅದೇ ಖಯಾಲಿ. ಮೂರು ಹೊತ್ತೂ ಜಗಲಿ ಮೇಲೆ ಕೋವಿ ತೊಡೆ ಮೇಲಿಟ್ಟುಕೊಂಡು ಕೂರೋದು. ಅದನ್ನ ಹೊಸದು ಮಾಡಬೇಕು, ಅಪ್ಪನಿಗೆ ಹೇಳಿ ಮಾಡಿಸಿದ ಹಾಗಿರಬೇಕು.

‘ಅವ್ವೋ, ಕೋವಿನ ಹೆಂಗೆ ಚೆನ್ನಾಗಿ ಮಡಿಕ್ಕಳದು?’

‘ಅದು ನಿಮ್ಮಪ್ಪನೇ ಅನ್ಕೊಳ್ಳಲಾ! ನಿಮ್ಮಪ್ಪಂಗೆ ಹೆಂಗೆ ಮಾಡ್ತಿದ್ದೆಯೋ ಹಂಗೆ ಮಾಡು!’

ಸರಿ. ಜವರ ಹಂಡೆ ನೀರು ಕಾಸಿದ. ಕೋವಿಯ ಮೈ ತೊಳೆದ. ಪಂಚೆ ಉಡಿಸಿದ. ಗೋಡೆಗೆ ಒರಗಿಸಿ, ತಟ್ಟೆ ಇಟ್ಟು, ರಾಗಿಮುದ್ದೆ ಮುರಿದು ಸಾರಿಗೆ ಅದ್ದಿ ಅದ್ದಿ ನಳಿಗೆಯೊಳಗೆ ತುರುಕಿದ. ನಿಂಗಾಜಮ್ಮ ಹೊಲದಿಂದ ಬಂದು ನೋಡಿದಳು.

‘ಅಯ್ಯೋ ನನ್ನ ಮಂಕುಮುಂಡೇದೇ! ಕೋವಿಗೆ ಮುದ್ದೆ ತಿನ್ಸಿದ್ಯೇನ್ಲಾ!’

‘ಹೂಂ ಕಣವ್ವ. ಪೂರಾ ಉಣ್ತು.’

ಅವಳು ಕೋವಿ ತಲೆಕೆಳಗು ಮಾಡಿ ಕುಟ್ಟಿದಳು. ಏನೂ ಬೀಳಲಿಲ್ಲ. ಕಡ್ಡಿ ಹಾಕಿ ಕೆದಕಿದಳು. ಒಂದು ಚೂರೂ ಬರಲಿಲ್ಲ. ನಳಿಗೆ ನೆಕ್ಕಿದ ಹಾಗೆ ಬರಿದಾಗಿತ್ತು. ಇವನೇ ತಿಂದಿರಬೇಕು ಅಂದುಕೊಂಡಳು ಪಾಪ, ಹಾಗೆ ಅಂದುಕೊಂಡರೆ ಮನಸ್ಸಿಗೆ ಹಗುರ.

‘ತುಕ್ಕು ಹಿಡಿದಿದ್ದಕ್ಕೆ ಮುದ್ದೆ ಅಲ್ಲಲಾ, ಬೂದಿ! ಬೂದಿ ಹಾಕಿ ಹೊಳಿಯೋಗಂಟ ಉಜ್ಜಬೇಕು!’

‘ಇನ್ಮೇಲೆ ಹಂಗೇ ಮಾಡ್ತೀನಿ ಕಣವ್ವ.’

ಅಷ್ಟರಲ್ಲಿ ಹೊಂಬಾಳಯ್ಯ ಅಕ್ಕನನ್ನು ನೋಡಿ ಹೋಗೋಣ ಅಂತ ಬಂದ. ಉಂಡ, ಎಲೆ ಅಡಿಕೆ ಹಾಕ್ಕೊಂಡ, ಜಗಲಿ ಮೇಲೆ ಅಡ್ಡಾದ. ಬೋಳು ತಲೆ, ತಲೆ ತುಂಬ ಕಂದು ಮಚ್ಚೆ. ಜವರ ಬಗ್ಗಿ ನೋಡಿದ. ಅಯ್ಯೋ, ಮಾವನಿಗೆ ತುಕ್ಕು ಹಿಡಿದುಬಿಟ್ಟಿದೆ! ಒಲೆಯ ಬೂದಿ ತಂದ, ತೆಂಗಿನ ನಾರು ತಂದ, ಮಾವನ ಕತ್ತು ಅಮುಕಿ ಹಿಡಿದು ಉಜ್ಜಿದ ಉಜ್ಜಿದ ಉಜ್ಜಿದ.

‘ಸತ್ತೆ ಕಣಕ್ಕೋ! ನಿನ್ನ ಮಗ ನನ್ನ ಸುಲೀತಾವ್ನೆ!’

ಊರೇ ನಕ್ಕಿತು. ನಿಂಗಾಜಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಹೊಂಬಾಳಯ್ಯ ತಲೆಗೆ ಬೆಣ್ಣೆ ಸವರಿಕೊಂಡು ಬಯ್ದ. ‘ಮನೆಗೆ ಬಂದೋರ್ನ ಉಜ್ಜತಾರೇನ್ಲಾ! ಚಾಪೆ ಹಾಸಬೇಕು, ಬೆಲ್ಲ ನೀರು ಕೊಡಬೇಕು!’ ಕೋಪ ಇಳಿದ ಮೇಲೆ ಕೋವಿ ಕೈಗೆ ತಗೊಂಡ. ಮರದ ಹಿಡಿ ಅವನ ಬೆರಳಿಗೇ ಪುಡಿಪುಡಿಯಾಗಿ ಉದುರಿತು. ‘ನಳಿಗೆ ಉಜ್ಜಿ ಏನ್ ಬಂತು? ಹೊಸ ಹಿಡಿ ಕೂರಿಸಬೇಕು ಇದ್ಕೆ. ಅದೂ ಹಂಗಂಗೇ ಅಲ್ಲ, ಯಾರು ಹಿಡಿತಾರೋ ಅವರ ಹೆಗಲಿಗೆ ಅಳತೆ ಮಾಡಬೇಕು. ಇಲ್ದಿದ್ರೆ ಗುಂಡು ಹೊಡೆದಾಗ ಹಿಂದಕ್ಕೆ ಒದ್ದುಬಿಡ್ತದೆ.’

‘ಹಂಗೇ ಮಾಡ್ತೀನಿ ಮಾವ.’

ಜವರ ಅವ್ವನ ಒನಕೆ ತಂದ. ಗಟ್ಟಿ ಮರ, ಭತ್ತ ಕುಟ್ಟಿ ಕುಟ್ಟಿ ನುಣುಪಾಗಿದ್ದ ಮರ. ಅರ್ಧಕ್ಕೆ ಕೊಯ್ದ! ನಿಂಗಾಜಮ್ಮ ಬಾಯಿ ಬಡಿದುಕೊಂಡಳು, ಆದರೆ ಕೊಯ್ದ ಮೇಲೆ ಇನ್ನೇನು? ಜವರ ಉಳಿ ಹಿಡಿದು ಜಗಲಿ ಮೇಲೆ ಕೂತ. ದಿನಾ ಮಟಮಟ ಮಧ್ಯಾಹ್ನ, ಊರೆಲ್ಲ ಉಂಡು ಒರಗಿದ ಹೊತ್ತಲ್ಲಿ, ಉಳಿ ಸದ್ದು ಒಂದೇ. ನಡುನಡುವೆ ಮಾತು.

‘ಇಷ್ಟು ಸಾಕಾ? ಇನ್ನೊಂಚೂರು ಕೆತ್ಲಾ?’

ನಿಂಗಾಜಮ್ಮ ಒಳಗಿಂದ ಕೇಳಿದಳು. ‘ಯಾರ್ ಜೊತೆಗ್ಲಾ ಮಾತಾಡ್ತಾ ಇದ್ದೀಯೆ?’

‘ಅಳತೆ ಕೊಡೋರ್ ಜೊತೆಗೆ ಕಣವ್ವ.’

ಹೊರಗೆ ಬಂದು ನೋಡಿದರೆ ಜಗಲಿ ಮೇಲೆ ಜವರ ಒಬ್ಬನೇ. ಮರದ ಹೊಟ್ಟು ಮಾತ್ರ ಅವನ ಎದುರಿಗೆ, ಯಾರೋ ಕೂತು ಎದ್ದು ಹೋದ ಹಾಗೆ ಎರಡೂ ಕಡೆಗೆ ಸರಿದಿತ್ತು. ಕೋಳಿ ಕೆದಕಿರಬೇಕು. ಹೌದು, ಕೋಳಿಯೇ.

ಹೂಂ ಅನ್ನಿ, ಸುಮ್ಮನಾಗಬೇಡಿ. ನನಗೂ ಭಯ ಆಗುತ್ತೆ.

ಹಿಡಿ ಕೂತಿತು. ಅಪ್ಪನ ಹಳೇ ಬೆಲ್ಟು ಕತ್ತರಿಸಿ ಹೆಗಲಿಗೆ ತೂಗುಹಾಕೋ ಪಟ್ಟಿ ಆಯಿತು. ಪೆಟ್ಟಿಗೆಯ ಹಿತ್ತಾಳೆ ಮೊಳೆ ಕಿತ್ತು ಹಿಡಿಗೆ ಹೊಡೆದ. ನೋಡಬೇಕಿತ್ತು ಆ ಕೋವಿ, ದಡ್ಡನ ಕೈಯಲ್ಲಿ ಅಂಥ ಕೆಲಸ! ಇನ್ನು ಅಳತೆ ಸರಿಯಾಗಿದೆಯಾ ನೋಡಬೇಕಲ್ಲ. ಜವರ ಹೊಲಕ್ಕೆ ಹೋಗಿ ಎರಡು ಗಳ ಅಡ್ಡ ಕಟ್ಟಿ ನೆಟ್ಟ. ಅಪ್ಪನ ಅಂಗಿ ತೊಡಿಸಿದ, ಮೇಲೆ ಮಡಕೆ ಕವುಚಿದ, ರುಮಾಲು ಸುತ್ತಿದ, ಹೆಗಲಿಗೆ ಕೋವಿ ಕೊಟ್ಟ. ಆಗ ಮಾವ ಹೇಳಿದ್ದು ನೆನಪಾಯಿತು. ಬಂದೋರಿಗೆ ಚಾಪೆ! ಬೆಲ್ಲ! ನೀರು! ಎಲ್ಲ ತಂದು ಬೆದರುಬೊಂಬೆಯ ಕಾಲ ಬಳಿ ಇಟ್ಟು ಮನೆಗೆ ಬಂದ.

ನಿಂಗಾಜಮ್ಮ ಸೊಪ್ಪು ಕೀಳೋಕೆ ಅಂತ ಬಿಸಿಲಲ್ಲಿ ಹೊಲಕ್ಕೆ ಹೋದಳು. ಬೇಲಿ ದಾಟಿ ತಲೆ ಎತ್ತಿದಳು. ಗಂಡ ನಿಂತಿದ್ದ. ಅದೇ ಅಂಗಿ. ಕೋವಿ ಎಡಹೆಗಲಿಗೆ. ಅವಳ ಕೂಗಿಗೆ ಮರದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಜವರ ಓಡಿ ಬಂದ.

‘ಬೊಂಬೆ ಕಣವ್ವ! ಅಳತೆ ನೋಡಕ್ಕೆ!’

ಅವನ ಕೆನ್ನೆಗೆ ಎರಡು ಬಿಟ್ಟಳು. ಆಮೇಲೆ ಕೈ ತಡೆಯಿತು. ‘ಎಡಹೆಗಲಿಗೆ ಯಾಕ್ಲಾ ಕೆತ್ತಿದೆ? ನಿಮ್ಮಪ್ಪ ಎಡಗೈನೋನು ಅಂತ ನಿಂಗ್ಯಾರು ಹೇಳಿದ್ದು?’

‘ಕೇಳಿದೆ. ಹೇಳ್ತು.’

ಅವಳು ಬಗ್ಗಿ ನೋಡಿದಳು. ಚೊಂಬಲ್ಲಿ ನೀರಿಲ್ಲ. ಬೆಲ್ಲ ಇಲ್ಲ. ಚಾಪೆಯ ಸುತ್ತ ನೀರು ತುಳುಕಿದ ಹಸಿ ಮಣ್ಣಲ್ಲಿ ಹೆಜ್ಜೆಗಳು. ಈ ಸಲ ಕಾಡಿನಿಂದ ಬಂದಿದ್ದವು. ಬಲಗಾಲಿಗೆ ಹೆಬ್ಬೆರಳಿರಲಿಲ್ಲ.

ಇಷ್ಟು ವರ್ಷ ಅವಳು ಬರಲಿ ಬರಲಿ ಅಂತ ಕಾದವಳೇ. ಈಗ ಬರಬೇಡ ಅನ್ನಿಸಿತು. ಬಂದರೆ ಕೋವಿ ತಗೋತಾನೆ, ತಗೊಂಡರೆ ಹೋಗ್ತಾನೆ, ಹೋದರೆ ಈ ಪೆದ್ದ ‘ಅಪ್ಪಾ’ ಅಂತ ಹಿಂದೆಯೇ ನಡೆದುಬಿಡ್ತಾನೆ. ಆಮೇಲೆ ಆ ಮನೆಯಲ್ಲಿ ಅವಳು ಯಾರ ಮುಖ ನೋಡಿಕೊಂಡು ಇರೋದು? ಕೋವಿ ಕಿತ್ತು ಮಗನ ಕೈಗೆ ಕೊಟ್ಟಳು.

‘ಕೇಳ್ಲಾ! ಇದ್ಕೆ ಎಣ್ಣೆ ಹಚ್ಚು, ಕಂಬಳಿ ಸುತ್ತು, ಅಟ್ಟದ ಮೇಲೆ ಮಡಗು, ಏಣಿ ತೆಗೆದುಬಿಡು! ಇನ್ಯಾವತ್ತೂ ಇದು ಈ ಮನೆ ಬಿಟ್ಟು ಹೋಗಬಾರದು!’

‘ಯಾರಾದ್ರೂ ಕೇಳ್ಕೊಂಡು ಬಂದ್ರೆ?’

‘ನಾಳೆ ಬಾ ಅನ್ನು!’

ಆ ಸೀಮೆಯಲ್ಲಿ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆಯೋದು ನಿಮಗೆ ಗೊತ್ತಲ್ಲ. ಬರಬಾರದ್ದು ಬಂದರೆ ಓದಿಕೊಂಡು ಹೋಗುತ್ತೆ, ದಿನಾ ಬರುತ್ತೆ, ದಿನಾ ಹೋಗುತ್ತೆ. ನಿಂಗಾಜಮ್ಮನೂ ಬರೆಸಿದಳು. ಬರೆದದ್ದು ಯಾರು? ಜವರ. ಬರೆಯುತ್ತಿದ್ದ ಹಾಗೇ ಬಾಗಿಲಲ್ಲಿ ಯಾರೋ ನಿಂತರು. ಜವರ ತಿರುಗಿ ‘ನಾಳೆ ಬಾ’ ಅಂದ. ಅವರು ಹೋದರು. ಅವ್ವನಿಗೆ ಹೇಳಲಿಲ್ಲ, ಹೇಳು ಅಂತ ಅವಳು ಹೇಳಿರಲಿಲ್ಲವಲ್ಲ!

ಮಾರನೇ ದಿನ ಅವಳು ತಮ್ಮನನ್ನು ಕರೆತರೋಕೆ ಹೋದಳು. ತಮ್ಮ ಸಿಗಲಿಲ್ಲ, ಒಬ್ಬಳೇ ವಾಪಸ್ಸು ಬಂದಳು. ಹೊಲದ ಹತ್ತಿರ ಬರುತ್ತಲೇ ನಿಂತುಬಿಟ್ಟಳು. ಕೋವಿ ಬೇಲಿಗೆ ಒರಗಿ ನಿಂತಿತ್ತು. ಆವತ್ತಿನ ಹಾಗೇ, ಅದೇ ಜಾಗದಲ್ಲಿ. ‘ಮಗನೇ!’ ಅಂತ ಕೂಗಿಕೊಂಡು ಓಡಿದಳು.

ಜವರ ಜಗಲಿ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಮೊಣಕೈವರೆಗೂ ಹರಳೆಣ್ಣೆ.

‘ಬಂದಿದ್ರು ಕಣವ್ವ. ನೆನ್ನೆ ನಾಳೆ ಬಾ ಅಂದಿದ್ದೆ, ಇವತ್ತೇ ಅಲ್ವಾ ಆ ನಾಳೆ? ಚಾಪೆ ಹಾಸಿದೆ. ಬೆಲ್ಲ ನೀರು ಕೊಟ್ಟೆ. ಕೋವಿ ಹೆಗಲಿಗೆ ಇಟ್ಟು ನೋಡಿದೆ, ಕೂದಲೆಳೆ ಆಚೀಚೆ ಇಲ್ಲ!’

‘ತಕ್ಕೊಂಡು ಹೋದ್ನೇನ್ಲಾ?’

‘ಹೋಗೋದೆಲ್ಲಿಗೆ? ಎಣ್ಣೆ ಹಚ್ಚಿದೆ, ಕಂಬಳಿ ಸುತ್ತಿದೆ, ಅಟ್ಟದ ಮೇಲೆ ಮಡಗಿದೆ.’

‘ಕೋವಿ ಹೊಲದಲ್ಲಿ ಐತಲ್ಲಾ!’

‘ಕೋವಿನಲ್ಲ ಕಣವ್ವ, ಅಪ್ಪನ್ನ! ಕೋವಿನೇ ಅಪ್ಪ ಅನ್ಕೊ ಅಂದಿದ್ದೆಯಲ್ಲ ನೀನು. ಅಪ್ಪನೇ ಬಂದ ಮೇಲೆ ಅದ್ಯಾತಕ್ಕೆ? ಮೊದಲಿದ್ದ ಜಾಗಕ್ಕೇ ಇಟ್ಟು ಬಂದೆ.’

ನಿಂಗಾಜಮ್ಮ ಒಳಗೆ ಹೋದಳು. ಅಟ್ಟದ ಬಾಯಿ ಕತ್ತಲು. ಗೋಡೆಗೆ ಏಣಿ ಇರಲಿಲ್ಲ.

‘ಏಣಿ ಎಲ್ಲೈತಲಾ?’

‘ತೆಗೆದುಬಿಡು ಅಂದೆಯಲ್ಲ. ಸೀಳಿ ಒಲೆಗೆ ಹಾಕ್ದೆ. ಅಪ್ಪನ ಸ್ನಾನಕ್ಕೆ ನೀರು ಕಾಯ್ತಾ ಐತೆ.’

ಅವಳು ಅಟ್ಟದ ಕೆಳಗೆ ನಿಂತು ಅಂಗೈ ಒಡ್ಡಿದಳು. ಹಲಗೆಯ ಸಂದಿನಿಂದ ಒಂದು ತೊಟ್ಟು ಎಣ್ಣೆ ಬಿತ್ತು. ಬೆಚ್ಚಗಿತ್ತು. ಅವಳಿಗೆ ಭಯವೂ ಆಯಿತು, ಸಿಟ್ಟೂ ಬಂತು, ಅಳುವೂ ಬಂತು. ಬಯ್ಯೋಕೆ ಬಾಯಿ ತೆಗೆದವಳು ಬೇರೆ ಏನನ್ನೋ ಕೇಳಿಬಿಟ್ಟಳು.

‘ಹುರುಳಿ ಸಾರು ಮಾಡ್ಲಾ?’

ಮೇಲೆ ಯಾರೋ ಕೆಮ್ಮಿದರು. ಆಮೇಲೆ ‘ಹೂಂ’ ಅಂದರು.

ಈ ಕತೆ ನನಗೆ ಹೇಳಿದ್ದು ನಿಂಗಾಜಮ್ಮನೇ, ಅವಳ ನಡುಮನೆಯಲ್ಲೇ ಕೂರಿಸಿಕೊಂಡು. ಜವರ ಪಕ್ಕದಲ್ಲಿ ಮಜ್ಜಿಗೆ ಹಿಡಿದು ನಿಂತಿದ್ದ. ಕೊಡು ಅಂತ ಯಾರೂ ಹೇಳಿರಲಿಲ್ಲ, ಅದಕ್ಕೆ ಕೊಟ್ಟಿರಲಿಲ್ಲ. ಕತೆಯ ನಡುವೆ ನಾನು ಹೂಂ ಅನ್ನೋದು ಮರೆತಾಗಲೆಲ್ಲ ಮೇಲಿಂದ ಯಾರೋ ಅಂತಿದ್ದರು. ನಾನು ತಲೆ ಎತ್ತಲಿಲ್ಲ.