ದರ್ಜಿಯ ಹೊಸ ತಂಡ

“ಗುರುಗಳೇ, ವರ್ಷದ ನಡುವೆ ಜನರನ್ನು ಬದಲಿಸುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಯನ್ನು ನೋಡಿಕೊಳ್ಳುತ್ತಿದ್ದವನು. ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ ಬಂದು ನಾಲ್ಕು ದಿನವಾಗಿತ್ತು. ಹತ್ತನೆಯ ತರಗತಿಯ ಅರ್ಧಕ್ಕರ್ಧ ಮಕ್ಕಳು ಗಣಿತದಲ್ಲಿ ನಪಾಸಾಗಿದ್ದರು. ಉಳಿದ ವಿಷಯಗಳಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ವರ್ಷದ ಕೊನೆಗೂ ಹೀಗೇ ಆದರೆ ಶಾಲೆ ತನ್ನ ಕೈತಪ್ಪುತ್ತದೆ ಎಂಬ ಭಯ ಅವನನ್ನು ಹಿಡಿದಿತ್ತು. ನಾಲ್ಕು ದಿನದಿಂದ ಅನ್ನ ರುಚಿಸಿರಲಿಲ್ಲ. ಈಗ ಅವನ ಕೈಯಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ ಕೆಲಸದಿಂದ ತೆಗೆಯಬೇಕಾದ ಎಂಟು ಶಿಕ್ಷಕರ ಹೆಸರುಗಳಿದ್ದವು. ಐದು ಗಂಟೆಗೆ ಆಡಳಿತ ಮಂಡಳಿಯ ಸಭೆ. ಅಷ್ಟರೊಳಗೆ ಗುರುಗಳ ಸಹಿ ಬೇಕಿತ್ತು.

ಗುರುಗಳು ಹಾಳೆಯನ್ನು ನಿಧಾನವಾಗಿ ಓದಿದರು. “ಈ ಮೊದಲನೆಯವರು ಹನ್ನೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದಾರಲ್ಲ. ಈ ವರ್ಷ ಅವರಿಗೆ ಏನಾಗಿದೆ?”

“ಏನಾಗಿದೆಯೋ ಗೊತ್ತಿಲ್ಲ. ಕೇಳುತ್ತ ಕೂರುವುದಕ್ಕೆ ಈಗ ಪುರುಸೊತ್ತಿಲ್ಲ, ಗುರುಗಳೇ.”

ಗುರುಗಳು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಕತೆ ತೆಗೆದರು. ಶಿಷ್ಯ ಗೋಡೆಯ ಗಡಿಯಾರ ನೋಡಿದ. ಮೂರೂವರೆಯಾಗಿತ್ತು. ಬೇರೆ ದಾರಿಯಿಲ್ಲದೆ ಕೂತು ಕೇಳಿದ.

ಒಂದು ಊರಿನ ಅಂಗಡಿ ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಆ ಬೀದಿಯ ಹತ್ತು ಅಂಗಡಿಯವರಿಗೆ ಫ್ಯಾಂಟಸಿ ಫುಟ್‌ಬಾಲ್ ಎಂಬ ಆಟದ ಹುಚ್ಚು. ಆಟವೆಂದರೆ ಮೈ ಬಗ್ಗಿಸುವಂಥದ್ದಲ್ಲ, ಕೂತಲ್ಲೇ ಆಡುವುದು. ಸಮುದ್ರದ ಆಚೆ ಎಲ್ಲೋ ನಿಜವಾದ ಆಟಗಾರರು ಚೆಂಡು ಒದೆಯುತ್ತಾರೆ. ಅವರಲ್ಲಿ ಹದಿನೈದು ಮಂದಿಯನ್ನು ಆರಿಸಿ ಇಲ್ಲಿಯವನು ತನ್ನ ಮೊಬೈಲಿನಲ್ಲಿ ಒಂದು ತಂಡ ಕಟ್ಟುತ್ತಾನೆ. ಅವರು ಅಲ್ಲಿ ಗೋಲು ಹೊಡೆದರೆ ಇವನಿಗೆ ಇಲ್ಲಿ ಅಂಕ. ಅವರಿಗೆ ಅಲ್ಲಿ ಕಾಲು ಉಳುಕಿದರೆ ಇವನಿಗೆ ಇಲ್ಲಿ ನಿದ್ದೆಯಿಲ್ಲ. ವಾರಕ್ಕೆ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ತೆಗೆದುಕೊಳ್ಳಬಹುದು. ಹದಿನೈದು ಮಂದಿಯನ್ನೂ ಒಟ್ಟಿಗೆ ಬದಲಿಸುವ ಅವಕಾಶ ಇಡೀ ಸೀಸನ್‌ಗೆ ಒಂದೇ ಸಲ. ಮಠದಲ್ಲಿ ಕೂತವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಬೇಡ. ಇಲ್ಲಿಗೆ ಬರುವವರು ತಮ್ಮ ತಲೆನೋವನ್ನು ನನ್ನ ಮುಂದೆ ಇಳಿಸಿಯೇ ಹೋಗುತ್ತಾರೆ.

ಆ ಬೀದಿಯವರು ಹಣ ಕಟ್ಟಿ ಆಡುತ್ತಿರಲಿಲ್ಲ. ಅವರ ಹತ್ತಿರ ಒಂದು ಹರಿದ ಬೂಟು ಇತ್ತು. ವಾರದ ಆಟದಲ್ಲಿ ಯಾರ ಅಂಕ ಎಲ್ಲರಿಗಿಂತ ಕಡಿಮೆಯೋ ಅವನ ಅಂಗಡಿಯ ಬಾಗಿಲಿಗೆ ಸೋಮವಾರ ಬೆಳಗ್ಗೆ ಆ ಬೂಟು ಕಟ್ಟುತ್ತಿದ್ದರು. ಮುಂದಿನ ಸೋಮವಾರದವರೆಗೆ ಅದು ಅಲ್ಲೇ ತೂಗಬೇಕು. ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದಾರೆ ಅಂತ ಗಿರಾಕಿಗಳು ಅಂದುಕೊಳ್ಳುತ್ತಿದ್ದರು. ಬೀದಿಗೆ ಮಾತ್ರ ನಿಜ ಗೊತ್ತಿತ್ತು.

ದರ್ಜಿಯ ಬಾಗಿಲಿನಿಂದ ಆ ಬೂಟು ಆರು ವಾರ ಇಳಿಯಲಿಲ್ಲ. ಅದಕ್ಕೂ ಒಂದು ಅಂಗಿ ಹೊಲಿದುಬಿಡು ಎಂದು ಎದುರಿನ ಬಳೆ ಅಂಗಡಿಯವನು ಚೇಷ್ಟೆ ಮಾಡಿದ. ದರ್ಜಿ ಎಲ್ಲರ ಜೊತೆ ನಕ್ಕ. ಒಳಗೆ ಮಾತ್ರ ಕುದ್ದುಹೋದ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ತಲೆ ಎತ್ತುತ್ತಿರಲಿಲ್ಲ. ಆಟದ ಮಾತಿಗೆ ಇಷ್ಟು ಸಂಕಟವೇ ಎನ್ನಬೇಡ. ದಿನಾ ನೋಡುವ ಮುಖಗಳ ಮುಂದೆ ಆಗುವ ನಾಚಿಕೆ ಸಣ್ಣದಲ್ಲ.

ಸೀಸನ್ ಅರ್ಧ ಕಳೆದಿತ್ತು. ಒಂದು ಶನಿವಾರ ಅವನು ಇಡೀ ತಂಡವನ್ನು ಬದಲಿಸಲು ಕೂತ. ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ತಂಡಕ್ಕೆ ಬೀಗ. ಮದುವೆಗೆ ಕತ್ತರಿಸಬೇಕಾಗಿದ್ದ ಬಟ್ಟೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅವನು ಒಬ್ಬೊಬ್ಬನನ್ನೇ ಒತ್ತಿ ತೆಗೆಯುತ್ತ ಹೋದ. ಹೋದ ವಾರ ಯಾರು ಹೆಚ್ಚು ಅಂಕ ತಂದಿದ್ದರೋ ಅವರನ್ನೆಲ್ಲ ಹಾಕಿಕೊಂಡ. ಬೆಳೆಯುವ ಮಗುವಿಗೆ ಹೋದ ವರ್ಷದ ಅಳತೆಯಲ್ಲಿ ಅಂಗಿ ಹೊಲಿಯಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವನು ಅವನೇ. ಭಯ ಬಂದಾಗ ಕಸುಬಿನ ಬುದ್ಧಿಯೂ ಕೈಕೊಡುತ್ತದೆ.

ತಂಡದಲ್ಲಿ ಗೋಲು ಕಾಯುವವನೊಬ್ಬ ಮೊದಲ ವಾರದಿಂದಲೂ ಇದ್ದ. ಈಚೆಗೆ ಅವನ ಆಟ ಕೆಟ್ಟಿತ್ತು. ದರ್ಜಿ ಅವನನ್ನು ತೆಗೆದ. ಮನಸ್ಸು ತಡೆಯದೆ ಮತ್ತೆ ಹಾಕಿದ. ಇವನನ್ನು ಬಿಟ್ಟು ಇವನೇ ಮುಂದೆ ಚೆನ್ನಾಗಿ ಆಡಿದರೆ? ಇಟ್ಟುಕೊಂಡು ಏಳನೆಯ ವಾರವೂ ಬೂಟು ಇಲ್ಲೇ ತೂಗಿದರೆ? ಅಂಗೈ ಬೆವರಿ ಮೊಬೈಲ್ ಜಾರಿತು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಕಣ್ಣು ಮುಚ್ಚಿಕೊಂಡು ತೆಗೆದೇಬಿಟ್ಟ.

ಸೋಮವಾರ ಬೂಟು ಬಳೆ ಅಂಗಡಿಗೆ ಹೋಯಿತು.

ದರ್ಜಿಗೆ ಆನೆಬಲ ಬಂತು. ಇಷ್ಟು ಸುಲಭದ ಕೆಲಸಕ್ಕೆ ಆರು ವಾರ ಸುಮ್ಮನೆ ನರಳಿದೆನಲ್ಲ ಅಂದುಕೊಂಡ. ಮೊದಲ ಗೆಲುವಿನಂಥ ಕೆಟ್ಟ ಗುರು ಇನ್ನೊಬ್ಬನಿಲ್ಲ. ಗುರುವಾದ ನಾನೇ ಈ ಮಾತು ಹೇಳುತ್ತಿದ್ದೇನೆ.

ಅದೇ ಕಣ್ಣಿನಿಂದ ಅವನು ತನ್ನ ಅಂಗಡಿಯನ್ನು ನೋಡಿದ. ಮದುವೆಗಳ ಕಾಲ. ಹೊಲಿದಿಟ್ಟ ಅಂಗಿಗಳು ಕಾಜಾ ಆಗದೆ ರಾಶಿ ಬಿದ್ದಿದ್ದವು. ಗುಂಡಿ ತೂರಿಸುವ ಸೀಳಿನ ಸುತ್ತ ದಾರದಿಂದ ಅಂಚು ಕಟ್ಟುವುದೇ ಕಾಜಾ. ಅದಕ್ಕೆಂದೇ ಒಬ್ಬ ಕೆಲಸಗಾರನಿದ್ದ. ಹತ್ತೊಂಬತ್ತು ವರ್ಷದಿಂದ ಬಾಗಿಲ ಪಕ್ಕದ ಹಲಗೆಯ ಮೇಲೆ ಕೂತು ಕೈಯಲ್ಲೇ ಹೊಲಿಯುತ್ತಿದ್ದ. ಅಂಗಿ ಹರಿದರೂ ಅವನು ಹಾಕಿದ ಕಾಜಾ ಹರಿಯದು ಎಂದು ಊರಿನಲ್ಲಿ ಮಾತಿತ್ತು. ಒಂದು ತಿಂಗಳಿಂದ ಅವನ ಕೈ ನಿಧಾನವಾಗಿತ್ತು. ಸೂಜಿಗೆ ದಾರ ಪೋಣಿಸಲು ಬೆಳಕಿಗೆ ಹಿಡಿದು ಮೂರು ಮೂರು ಸಲ ನೋಡುತ್ತಿದ್ದ. ದರ್ಜಿ ಅದನ್ನು ಕಂಡಿದ್ದ. ಏನಾಯಿತು ಎಂದು ಕೇಳಿರಲಿಲ್ಲ.

ಶುಕ್ರವಾರದೊಳಗೆ ಒಂದು ಮದುವೆ ಮನೆಗೆ ಹನ್ನೆರಡು ಅಂಗಿ ತಲುಪಬೇಕಿತ್ತು. ಮಾತು ತಪ್ಪಿದರೆ ಮುಂದಿನ ಮದುವೆಗಳೂ ಕೈಬಿಡುತ್ತವೆ ಎಂದು ದರ್ಜಿ ಹೆದರಿದ. ಕೆಲಸಗಾರನಿಗೆ ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಮೊಬೈಲ್ ತೆಗೆದು ಬರೆದ: ‘ನಾಳೆಯಿಂದ ಬರುವುದು ಬೇಡ. ನಿನ್ನಿಂದ ಇನ್ನು ಕೆಲಸ ಆಗುವುದಿಲ್ಲ.’ ಒತ್ತಿದ. ಹೋಯಿತು. ಈ ಸಲ ಅಂಗೈ ಅಷ್ಟಾಗಿ ಬೆವರಲಿಲ್ಲ.

ಮರುದಿನ ಹೊಸ ಕೆಲಸಗಾರ ಬಂದ. ಬಲು ಚುರುಕಿನವನು. ರಾಶಿ ಎರಡೇ ದಿನದಲ್ಲಿ ಕರಗಿತು. ಅಂಗಿಗಳು ಹೊತ್ತಿಗೆ ಸರಿಯಾಗಿ ಮದುವೆ ಮನೆ ಸೇರಿದವು.

ಆ ವಾರದ ಆಟದಲ್ಲಿ, ದರ್ಜಿ ಬಿಟ್ಟಿದ್ದ ಗೋಲು ಕಾಯುವವನು ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಅವನ ಅಂಕವೆಲ್ಲ, ಅವನನ್ನು ತನ್ನ ತಂಡಕ್ಕೆ ಆರಿಸಿಕೊಂಡಿದ್ದ ಬಳೆ ಅಂಗಡಿಯವನ ಪಾಲಾಯಿತು. ದರ್ಜಿ ಹಣೆ ಚಚ್ಚಿಕೊಂಡ. ಆದರೇನು, ಮುಂದಿನ ಶನಿವಾರ ಆ ಗೋಲು ಕಾಯುವವನನ್ನೇ ಮತ್ತೆ ಒತ್ತಿ ತೆಗೆದುಕೊಂಡ. ಅವನು ಬಂದ. ಮುನಿಸಿಲ್ಲ, ಮಾತಿಲ್ಲ. ಒಬ್ಬ ದರ್ಜಿ ತನ್ನನ್ನು ಬಿಟ್ಟಿದ್ದ ಎಂಬುದು ಆ ಪುಣ್ಯಾತ್ಮನಿಗೆ ತಿಳಿಯದು. ಅಂಥ ಒಬ್ಬ ದರ್ಜಿ ಇದ್ದಾನೆ ಎಂಬುದೇ ತಿಳಿಯದು.

ಅಷ್ಟರಲ್ಲಿ ಮದುವೆ ಮನೆಯಿಂದ ಹನ್ನೆರಡು ಅಂಗಿಗಳೂ ವಾಪಸ್ ಬಂದವು. ಕಾಜಾದ ದಾರ ಬಿಚ್ಚಿಕೊಂಡು ಬಟ್ಟೆ ಎಳೆ ಎಳೆಯಾಗಿತ್ತು. ಮದುಮಗ ಅಂಗಿಗೆ ಪಿನ್ನು ಚುಚ್ಚಿಕೊಂಡು ಧಾರೆಗೆ ನಿಂತನಂತೆ. ಸುದ್ದಿ ಹರಡಿತು. ಇನ್ನೆರಡು ಮನೆಯವರು ಬಂದು, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಹಾಗೇ ಎತ್ತಿಕೊಂಡು ಹೋದರು. ದರ್ಜಿಗೆ ಗೋಲು ಕಾಯುವವನ ನೆನಪಾಯಿತು. ಬಿಟ್ಟವನನ್ನು ಮತ್ತೆ ತೆಗೆದುಕೊಂಡರಾಯಿತು ಎಂದು ಎದ್ದ.

ಹಳೆಯ ಕೆಲಸಗಾರ ಹಿಂದಿನ ಬೀದಿಯ ಒಂದು ಅಂಗಡಿಯಲ್ಲಿ ಕೂತಿದ್ದ. ಮೂಗಿನ ಮೇಲೆ ಹೊಸ ಕನ್ನಡಕ ಇತ್ತು. ಕೈ ಮೊದಲಿನಂತೆಯೇ ಓಡುತ್ತಿತ್ತು. ದರ್ಜಿ ಆ ಕನ್ನಡಕವನ್ನೇ ನೋಡುತ್ತ ನಿಂತ. ಇಷ್ಟೇ ಆಗಿತ್ತೇ ಅಂದುಕೊಂಡ.

“ಬಾರಪ್ಪ, ನಿನ್ನ ಹಲಗೆ ಖಾಲಿ ಮಾಡ್ಸಿದ್ದೀನಿ” ಎಂದ.

ಕೆಲಸಗಾರ ಎದ್ದು ನಿಂತು ಕೈ ಮುಗಿದ. ಹತ್ತೊಂಬತ್ತು ವರ್ಷದ ಮರ್ಯಾದೆ ಎರಡು ವಾರದಲ್ಲಿ ಹೋಗುವುದಿಲ್ಲ.

“ನಿಮ್ಮ ಮೇಲೆ ಸಿಟ್ಟಿಲ್ಲ ಮಾಸ್ಟ್ರೇ. ಆದ್ರೆ ಅವತ್ತು ನನಗೆ ಅಕ್ಷರ ಕಾಣ್ತಿರಲಿಲ್ಲ. ನೀವು ಕಳಿಸಿದ್ದನ್ನ ಮಗಳ ಕೈಲಿ ಓದಿಸ್ದೆ” ಎಂದ.

ದರ್ಜಿ ಬಂದ ದಾರಿಯಲ್ಲೇ ತಿರುಗಿ ಹೋದ. ಮುಂದಿನ ಸೋಮವಾರ ಬೂಟು ಯಾರ ಬಾಗಿಲಿಗೆ ಬಿತ್ತೋ ನನಗೆ ಗೊತ್ತಿಲ್ಲ. ಅವನೂ ತಲೆ ಎತ್ತಿ ನೋಡಲಿಲ್ಲವಂತೆ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ಮತ್ತೆ ಗಡಿಯಾರಕ್ಕೆ ಹೋಯಿತು. ನಾಲ್ಕು ದಾಟಿತ್ತು. ಗಣಿತದ ಮೇಷ್ಟ್ರು ಗಣೇಶನ ಹಬ್ಬದಿಂದೀಚೆಗೆ ಊಟದ ಬಿಡುವಿನಲ್ಲೂ ಒಬ್ಬರೇ ಕೂರುತ್ತಿದ್ದದ್ದು ಅವನಿಗೆ ನೆನಪಾಯಿತು. ಅದರ ಹಿಂದೆಯೇ ನಪಾಸಾದ ಮಕ್ಕಳೂ ಮಂಡಳಿಯವರ ಮುಖಗಳೂ ನೆನಪಾದವು. ಭಯವೇ ಗೆದ್ದಿತು.

“ಗುರುಗಳೇ, ಮಕ್ಕಳ ಪರೀಕ್ಷೆ ಆಟವಲ್ಲವಲ್ಲ. ಸಭೆಗೆ ಹೊತ್ತಾಯಿತು” ಎಂದ.

ಗುರುಗಳು ಹೌದೆಂದು ತಲೆಯಾಡಿಸಿದರು. ಪೆನ್ನು ತೆಗೆದು, ಎಂಟು ಹೆಸರಿನ ಕೆಳಗೆ ಸಹಿ ಹಾಕಿ, ಹಾಳೆಯನ್ನು ಅವನ ಕೈಗೆ ಕೊಟ್ಟು ಹೇಳಿದರು:

“ಸಭೆಗೆ ಮೊದಲು ಈ ಎಂಟು ಮನೆಗೂ ಹೋಗಿ, ಅವರ ಮಕ್ಕಳ ಮುಂದೆ ಇದನ್ನು ನೀನೇ ಓದಿ ಬಾ.”